ಅಂಟು, ಪಾಕ, ಮುತ್ತು: ಅಣುಪಾಕದ ಸಿಹಿತಿಂಡಿಗಳೂ ಕನ್ನಡದ ಅಡುಗೆಯ ಮಾತುಗಳೂ

೧

ಕನ್ನಡ ನಾಡಿನಲ್ಲಿ ಸೂಪಶಾಸ್ತ್ರವನ್ನು ಕುರಿತ ಬರವಣಿಗೆಯು ಅಪೂರ್ವವೇನೂ ಅಲ್ಲವೆಂಬುದು ವಾಚಕರಿಗೆ ವಿದಿತವೇ ಆಗಿದೆ. ಕ್ರಿ. ಶ. ೧೦೨೫ರ ಸುಮಾರಿಗೆ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಅಡುಗೆಗಾಗಿಯೇ ಒಂದು ಭಾಗವು ಮೀಸಲಾಗಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವೆಂಬ ಪ್ರಕರಣವುಂಟು. ಹದಿನಾರನೆಯ ಶತಮಾನದ ಆದಿಯಲ್ಲಿದ್ದ ಮೂರನೆಯ ಮಂಗರಸನಂತೂ ಈ ವಿಷಯವೊಂದನ್ನೇ ಹಿಡಿದು ‘ಸೂಪಶಾಸ್ತ್ರ’ವೆಂಬ ಪ್ರತ್ಯೇಕ ಗ್ರಂಥವನ್ನು ಷಟ್ಪದಿಯಲ್ಲಿ ರಚಿಸಿದನು. ಇವುಗಳನ್ನು ಭಾಷೆಯ ದೃಷ್ಟಿಯಿಂದಲೂ ಸಮಾಜದ ಇತಿಹಾಸದ ದೃಷ್ಟಿಯಿಂದಲೂ ಓದುವುದು ರೂಢಿಯಲ್ಲಿದೆ. ಒಲೆಯ ಮುಂದೆ ನಿಂತು ಓದುವುದು ಮಾತ್ರ ವಿರಳವೆಂದು ತೋರುತ್ತದೆ. ಅಡುಗೆಯ ಗ್ರಂಥದಲ್ಲಿ ಬರುವ ಒಂದು ಮಾತು ವಸ್ತುವಿನ ಯಾವ ಸ್ಥಿತಿಯನ್ನು ಹೇಳುತ್ತದೆಂಬುದು ಕೋಶವನ್ನು ತೆರೆದೊಡನೆ ತಿಳಿಯುವ ಸಂಗತಿಯಲ್ಲ.

ಈ ಅಭಿಪ್ರಾಯಕ್ಕೆ ನಾನು ಬಂದುದು ಗ್ರಂಥಗಳ ಮೂಲಕವಲ್ಲ. ಬಾಗಲಕೋಟೆ ಜಿಲ್ಲೆಯ ಬೇವೂರಿನಲ್ಲಿ, ನಮ್ಮ ಮನೆಯಲ್ಲಿಯೇ, ಪಾಶ್ಚಾತ್ಯ ದೇಶಗಳಲ್ಲಿ ಪ್ರಸಿದ್ಧಿಗೆ ಬಂದಿರುವ ಹೊಸ ಬಗೆಯ ಸಿಹಿತಿಂಡಿಗಳನ್ನು ಮಾಡಿ ನೋಡುವ ಕುತೂಹಲದಿಂದ ಕೆಲವು ಪ್ರಯೋಗಗಳನ್ನು ನಡೆಯಿಸಿದೆನು. ಕೆಲವು ಕೆಟ್ಟವು, ಕೆಲವು ಫಲಿಸಿದವು. ಕೆಟ್ಟವುಗಳೇ ಹೆಚ್ಚು ಕಲಿಸಿದವು. ಅವುಗಳಿಂದ ತಿಳಿದುಬಂದ ಸಂಗತಿಗಳನ್ನು ನಿರೂಪಿಸಿ, ನಮ್ಮ ಅಡುಗೆಮನೆಯ ಮಾತುಗಳು ಅಲಂಕಾರದ ಮಾತುಗಳಾಗಿರದೆ ನಿಶ್ಚಿತವಾದ ಪರೀಕ್ಷೆಯನ್ನು ಒಳಗೊಂಡ ಮಾತುಗಳಾಗಿವೆಯೆಂದು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಈ ಹೊಸ ಶಾಸ್ತ್ರದ ಪರಿಚಯವನ್ನು ಮಾಡಿಕೊಳ್ಳುವುದು ಯುಕ್ತ. ಹಂಗೇರಿಯಲ್ಲಿ ಹುಟ್ಟಿ ಆಕ್ಸ್‌ಫರ್ಡಿನಲ್ಲಿ ಭೌತವಿಜ್ಞಾನಿಯಾಗಿದ್ದ ನಿಕೊಲಸ್ ಕುರ್ಟಿ ಎಂಬವರು ೧೯೬೯ರಲ್ಲಿ ಲಂಡನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ, ಅಡುಗೆಮನೆಗೆ ಬಂದ ಭೌತವಿಜ್ಞಾನಿಯ ವಿಷಯವಾಗಿ ಒಂದು ಉಪನ್ಯಾಸವನ್ನು ಮಾಡಿದರು. ೧೯೮೮ರಲ್ಲಿ ಅವರೂ ಫ್ರಾನ್ಸಿನ ರಸಾಯನವಿಜ್ಞಾನಿ ಎರ್ವೆ ತಿಸ್ ಅವರೂ ಕೂಡಿ ಈ ಅಧ್ಯಯನಕ್ಕೆ ಹೆಸರನ್ನಿಟ್ಟರು. ಆ ಹೆಸರು ಈಗ ‘ಮಾಲಿಕ್ಯುಲರ್ ಗ್ಯಾಸ್ಟ್ರಾನಮಿ’ ಎಂದು ಬಳಕೆಯಲ್ಲಿದೆ. ೧೯೯೨ರಲ್ಲಿ ಸಿಸಿಲಿ ದ್ವೀಪದ ಎರಿಚೆ ಎಂಬ ಊರಿನಲ್ಲಿ ವಿಜ್ಞಾನಿಗಳೂ ಅಡುಗೆಯವರೂ ಒಟ್ಟಾಗಿ ಸೇರಿ ಈ ವಿಷಯವನ್ನು ಚರ್ಚಿಸಿದರು. ಮುಂದೆ ಸ್ಪೇನಿನ ಫೆರಾನ್ ಅಡ್ರಿಯಾ ಅವರು ತಮ್ಮ ‘ಎಲ್ ಬುಲಿ’ ಎಂಬ ಭೋಜನಶಾಲೆಯಲ್ಲಿ ೨೦೦೩ರಿಂದ ಹಣ್ಣಿನ ರಸವನ್ನು ಮುತ್ತಿನಂತೆ ಗುಂಡಗೆ ಮಾಡಿ ಬಡಿಸತೊಡಗಿದ ಮೇಲೆ ಇದರ ಕೀರ್ತಿಯು ಎಲ್ಲೆಡೆಯೂ ಹಬ್ಬಿತು. ಆ ಭೋಜನಶಾಲೆಯು ೨೦೧೧ರಲ್ಲಿ ಮುಚ್ಚಿತು. ವಿದ್ಯೆಯು ಮಾತ್ರ ಮನೆಮನೆಗೂ ಹರಡಿತು.

ಈ ಹೆಸರನ್ನು ಕನ್ನಡದಲ್ಲಿ ಹೇಗೆ ಹೇಳಬೇಕು? ನಮ್ಮ ವಿಜ್ಞಾನ ಪಠ್ಯಗಳಲ್ಲಿ ಆಟಮ್ ಎಂಬುದಕ್ಕೆ ಪರಮಾಣುವೆಂದೂ ಮಾಲಿಕ್ಯೂಲ್ ಎಂಬುದಕ್ಕೆ ಅಣುವೆಂದೂ ಹೇಳುವುದು ಸ್ಥಿರಪಟ್ಟಿದೆ. ಇನ್ನೊಂದು ವಿಷಯವನ್ನು ಗಮನಿಸಬೇಕು. ಎರ್ವೆ ತಿಸ್ ಅವರು ಅಡುಗೆಯಲ್ಲಿ ನಡೆಯುವ ವ್ಯಾಪಾರಗಳ ಕಾರಣವನ್ನು ಹುಡುಕುವ ಶಾಸ್ತ್ರವನ್ನೂ, ಆ ಜ್ಞಾನವನ್ನು ಬಳಸಿಕೊಂಡು ಹೊಸ ತಿಂಡಿಗಳನ್ನು ಮಾಡುವ ಕೈಕೆಲಸವನ್ನೂ ಬೇರೆ ಬೇರೆಯೆಂದು ವಿಂಗಡಿಸಿದ್ದಾರೆ. ಈ ಭೇದವು ಸಮಂಜಸವಾದುದು. ಆದುದರಿಂದ ಮೊದಲನೆಯದನ್ನು ಅಣುಸೂಪಶಾಸ್ತ್ರವೆಂದೂ ಎರಡನೆಯದನ್ನು ಅಣುಪಾಕವೆಂದೂ ಕರೆಯಬಹುದೆಂದು ನನಗೆ ತೋರುತ್ತದೆ. ಮನೆಯಲ್ಲಿ ನಾವು ಮಾಡುವುದು ಅಣುಪಾಕ. ಅದು ಏಕೆ ಹಾಗಾಯಿತೆಂದು ಕೇಳಿದೊಡನೆ ಅಣುಸೂಪಶಾಸ್ತ್ರವು ಮೊದಲಾಗುತ್ತದೆ.

೩

ಅಣುಪಾಕದ ಸಾಮಗ್ರಿಗಳಲ್ಲಿ ಮುಖ್ಯವಾದುವು ನೀರನ್ನು ಹಿಡಿದಿಟ್ಟು ದ್ರವವನ್ನು ಮಂದವಾಗಿಯೋ ಗಟ್ಟಿಯಾಗಿಯೋ ಮಾಡುವ ಅಂಟುಗಳು. ಕಡಲಪಾಚಿಯಿಂದ ತೆಗೆಯುವ ಅಗರ್ ಮತ್ತು ಆಲ್ಜಿನೇಟ್, ಮರದಿಂದ ಒಸರುವ ಗೋಂದು ಮೊದಲಾದುವು ಈ ವರ್ಗಕ್ಕೆ ಸೇರಿದುವು. ಇವುಗಳ ಪಟ್ಟಿಯನ್ನು ನೋಡಿದಾಗ ನಮ್ಮ ಸೀಮೆಯವರಿಗೆ ಮೊದಲು ನೆನಪಾಗುವುದು ನೆರೆಯ ಹುನಗುಂದ ತಾಲ್ಲೂಕಿನ ಅಮೀನಗಡದ ಕರದಂಟು. ಗೋಕಾಕದ ಕರದಂಟಿನೊಡನೆ ಸಮಾನವಾದ ಖ್ಯಾತಿಯನ್ನು ಪಡೆದಿರುವ ಈ ತಿನಿಸಿನಲ್ಲಿ ಬೆಲ್ಲ, ತುಪ್ಪ, ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಗೋಡಂಬಿಗಳ ಜೊತೆಗೆ ಕರಿದ ಅಂಟು ಸೇರುತ್ತದೆ. ಬಾಣಂತಿಯರಿಗೆ ಇದನ್ನೂ ಅಂಟಿನ ಉಂಡೆಯನ್ನೂ ಕೊಡುವ ವಾಡಿಕೆಯುಂಟು.

ಹೆಸರಿನ ನಿಷ್ಪತ್ತಿಯು ಕಷ್ಟವಾದುದಲ್ಲ. ‘ಕರಿ’ ಎಂಬ ಧಾತುವಿನ ಭೂತ ಕೃದಂತವು ಗ್ರಂಥಭಾಷೆಯಲ್ಲಿ ‘ಕರಿದ’ ಎಂದಾಗುತ್ತದೆ. ಈ ಭಾಗದ ಆಡುಮಾತಿನಲ್ಲಿ ಅದು ‘ಕರದ’ ಎಂದೇ ಕೇಳಿಬರುತ್ತದೆ, ‘ಕಲಿತ’ ಎಂಬುದು ‘ಕಲತ’ ಎಂದಾಗುವಂತೆ. ಕರದ ಮತ್ತು ಅಂಟು ಎಂಬೆರಡು ಪದಗಳು ಕೂಡಿ ಕರದಂಟು ಆಯಿತು. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಹೆಸರು ಬಂದುದು ಬೆಲ್ಲದಿಂದಲೂ ಅಲ್ಲ, ಹೆಚ್ಚು ಬೆಲೆಯುಳ್ಳ ಗೋಡಂಬಿಯಿಂದಲೂ ಅಲ್ಲ. ಅಂಟನ್ನು ತುಪ್ಪದಲ್ಲಿ ಕರಿಯುವ ಒಂದು ಕ್ರಿಯೆಯಿಂದ ಬಂದಿತು. ಹೆಸರಿಟ್ಟವರು ಈ ತಿನಿಸಿನ ಜೀವವು ಆ ಕ್ರಿಯೆಯಲ್ಲಿದೆಯೆಂದು ಅರಿತಿದ್ದರು.

ಕರಿದಾಗ ಆಗುವುದೇನು? ಜಾಲಿಯ ಜಾತಿಯ ಮರಗಳ ಅಂಟು ಹೊರನೋಟಕ್ಕೆ ಹರಳಿನಂತಿದ್ದರೂ ನಿಜವಾಗಿ ಹರಳಲ್ಲ. ಗಾಜಿನಂತೆ ಅಣುಗಳು ಕ್ರಮವಿಲ್ಲದೆ ಹೆಪ್ಪುಗಟ್ಟಿದ ವಸ್ತು ಅದು. ಒಣಗಿದಂತೆ ಕಂಡರೂ ಅದರೊಳಗೆ ಸ್ವಲ್ಪ ನೀರು ಅಡಗಿರುತ್ತದೆ. ಚೆನ್ನಾಗಿ ಕಾದ ತುಪ್ಪದಲ್ಲಿ ಬಿಟ್ಟಾಗ ಅಂಟು ಮೆದುವಾಗುತ್ತದೆ. ಅದೇ ವೇಳೆಗೆ ಒಳಗಿನ ನೀರು ಉಗಿಯಾಗಿ ಅದನ್ನು ಉಬ್ಬಿಸುತ್ತದೆ. ಉಗಿಯು ಹೊರಟುಹೋದ ಮೇಲೆ ಅಂಟು ಮತ್ತೆ ಬಿರುಸಾಗಿ, ಉಬ್ಬಿದ ಆಕಾರವನ್ನೇ ಉಳಿಸಿಕೊಳ್ಳುತ್ತದೆ. ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇದು ಘನೀಭವಿಸಿದ ನೊರೆ. ನಾನು ಮೊದಲ ಸಲ ತುಪ್ಪವು ಸಾಕಷ್ಟು ಕಾಯುವ ಮುನ್ನವೇ ಅಂಟನ್ನು ಹಾಕಿದೆನು. ಹೊರಗೆ ಉಬ್ಬಿದಂತೆ ಕಂಡಿತು, ಒಳಗೆ ಹಸಿಯಾಗಿಯೇ ಉಳಿದು ಹಲ್ಲಿಗೆ ಮೆತ್ತಿಕೊಂಡಿತು. ಬೆರಳಿನಿಂದ ಒತ್ತಿದರೆ ನಡುವೆ ಗಟ್ಟಿಯಿಲ್ಲದೆ ಪುಡಿಯಾದರೆ ಮಾತ್ರ ಅಂಟು ಕರಿದಿದೆಯೆಂದು ತಿಳಿಯಬೇಕು.

ಇಲ್ಲಿ ಕೋಶಕಾರರಿಗೆ ಸಂಬಂಧಿಸಿದ ಒಂದು ಎಚ್ಚರಿಕೆಯೂ ಇದೆ. ಅಂಗಡಿಯಲ್ಲಿ ಗೋಂದು ಎಂದು ಕೇಳಿದರೆ ಎರಡು ಬಗೆಯ ವಸ್ತುಗಳು ದೊರೆಯುತ್ತವೆ. ಜಾಲಿಯ ಬಗೆಯದು ನೀರಿನಲ್ಲಿ ಕರಗುತ್ತದೆ, ತುಪ್ಪದಲ್ಲಿ ಅರಳುತ್ತದೆ. ಗೋಂದ್ ಕತೀರಾ ಎಂಬುದು ನೀರಿನಲ್ಲಿ ಕರಗದೆ ಹಲವು ಮಡಿ ಉಬ್ಬಿ ಲೋಳೆಯಾಗುತ್ತದೆ. ಅದನ್ನು ತಂಪಿಗಾಗಿ ಪಾನಕಗಳಲ್ಲಿ ಹಾಕುವರು, ಕರದಂಟಿಗೆ ಅದು ಒದಗುವುದಿಲ್ಲ. ‘ಅಂಟು, ಮರದ ಸ್ರಾವ’ ಎಂಬಷ್ಟೇ ಅರ್ಥವನ್ನು ಕೊಟ್ಟರೆ, ಪರಸ್ಪರ ವಿರುದ್ಧ ಸ್ವಭಾವದ ಎರಡು ವಸ್ತುಗಳು ಒಂದೇ ಮಾತಿನಲ್ಲಿ ಮುಚ್ಚಿಹೋಗುತ್ತವೆ.

೪

ಎರಡನೆಯದಾಗಿ ಪಾಕದ ವಿಚಾರ. ಈ ಸೀಮೆಯಲ್ಲಿ ಇದಕ್ಕೆ ‘ಆಣ’ವೆಂಬ ಹೆಸರೂ ಉಂಟು. ಒಂದೆಳೆ, ಎರಡೆಳೆ, ಉಂಡೆಪಾಕ, ಗಟ್ಟಿಪಾಕ ಎಂಬ ಮಾತುಗಳು ಎಲ್ಲರ ಬಾಯಲ್ಲಿಯೂ ಇವೆ. ಪಾಕವನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಬೆರಳುಗಳನ್ನು ಅಗಲಿಸಿದಾಗ ನಿಲ್ಲುವ ಎಳೆಗಳ ಲೆಕ್ಕದಿಂದ ಮೊದಲಿನ ಹೆಸರುಗಳು ಹುಟ್ಟಿದವು. ತಣ್ಣೀರಿನಲ್ಲಿ ಬಿಟ್ಟ ಹನಿಯು ಉಂಡೆಯಾಗುವುದರಿಂದ ಉಂಡೆಪಾಕವೆಂಬ ಹೆಸರು ಬಂದಿತು. ಆ ಉಂಡೆಯನ್ನು ತಟ್ಟೆಗೆ ಎಸೆದಾಗ ಟಣ್ಣೆಂದು ಸದ್ದಾದರೆ ಪಾಕವು ಇನ್ನೂ ಬಲಿತಿದೆಯೆಂದು ಅರ್ಥ.

ಈ ಮಾತುಗಳನ್ನು ಉಷ್ಣಮಾಪಕದೊಡನೆ ಹೋಲಿಸಿ ನೋಡಿದೆನು. ಪಾಶ್ಚಾತ್ಯ ಅಡುಗೆಯ ಗ್ರಂಥಗಳ ಪ್ರಕಾರ ಎಳೆಯ ಸ್ಥಿತಿಯು ಸುಮಾರು ೧೦೬ರಿಂದ ೧೧೨, ಮೆದುವಾದ ಉಂಡೆಯ ಸ್ಥಿತಿಯು ೧೧೨ರಿಂದ ೧೧೬, ಗಟ್ಟಿ ಉಂಡೆಯ ಸ್ಥಿತಿಯು ೧೨೧ರಿಂದ ೧೩೦ ಸೆಂಟಿಗ್ರೇಡ್ ಡಿಗ್ರಿಗಳು. ಉಷ್ಣವು ಏರಿದಷ್ಟೂ ನೀರು ಕಡಿಮೆಯಾಗಿ ಸಕ್ಕರೆಯ ಪ್ರಮಾಣವು ಹೆಚ್ಚುತ್ತದೆ. ಎಳೆಯ ಸ್ಥಿತಿಯಲ್ಲಿ ನೂರಕ್ಕೆ ಸುಮಾರು ೮೦, ಮೆದು ಉಂಡೆಯಲ್ಲಿ ೮೫, ಗಟ್ಟಿ ಉಂಡೆಯಲ್ಲಿ ೯೨ ಪಾಲು ಸಕ್ಕರೆಯಿರುತ್ತದೆ. ನಮ್ಮಲ್ಲಿ ಮಾತ್ರ ಗ್ರಂಥದ ಅಂಕಿಗಿಂತ ಎರಡು ಡಿಗ್ರಿಯಷ್ಟು ಮುಂಚಿತವಾಗಿಯೇ ಎಳೆಯು ನಿಂತಿತು. ಉಷ್ಣಮಾಪಕವು ಕೆಟ್ಟಿದೆಯೆಂದು ಮೊದಲು ಭಾವಿಸಿದೆನು. ಅನಂತರ ಕಾರಣವು ಹೊಳೆಯಿತು. ಈ ಪ್ರದೇಶವು ಸಮುದ್ರಮಟ್ಟಕ್ಕಿಂತ ೫೦೦ ಮೀಟರಿಗೂ ಮೇಲಿರುವುದರಿಂದ ಇಲ್ಲಿ ನೀರು ಸುಮಾರು ೯೮ ಡಿಗ್ರಿಯಲ್ಲಿಯೇ ಕುದಿಯುತ್ತದೆ. ಪಾಕದ ಅಂಕಿಗಳೂ ಅದೇ ಪ್ರಮಾಣದಲ್ಲಿ ಇಳಿಯುತ್ತವೆ. ಅಂಕಿಯು ಊರಿನಿಂದ ಊರಿಗೆ ಬದಲಾಗುತ್ತದೆ. ಎಳೆಯಾದರೋ ಕಡಲ ಕರೆಯಲ್ಲಿಯೂ ಎಳೆಯೇ, ಬೇವೂರಿನಲ್ಲಿಯೂ ಎಳೆಯೇ. ಏಕೆಂದರೆ ಬೆರಳು ಅಳೆಯುವುದು ಶಾಖವನ್ನಲ್ಲ, ಪಾಕದ ಸಾಂದ್ರತೆಯನ್ನು. ಒಂದೆಳೆ ಪಾಕವೆಂಬ ಮಾತು ಅಂದಾಜಿನ ಮಾತೆಂದು ತಿಳಿಯುವುದು ಸರಿಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ಬೇಕಾಗಿಲ್ಲ.

ಪಾಕದ ಸೂಕ್ಷ್ಮವನ್ನು ಕಾಣಬೇಕಾದರೆ ಸಂಕ್ರಾಂತಿಯ ಕುಸುರೆಳ್ಳನ್ನು ನೋಡಬೇಕು. ಸಕ್ಕರೆಯ ಪಾಕಕ್ಕೆ ಸ್ವಲ್ಪ ಹಾಲನ್ನು ಹಾಕಿ ಕುದಿಸಿದಾಗ ಹಾಲಿನ ಸಸಾರಜನಕವು ಗಟ್ಟಿಯಾಗಿ ಕೊಳೆಯನ್ನು ಹಿಡಿದುಕೊಂಡು ಮೇಲಕ್ಕೆ ಬರುತ್ತದೆ. ಅದನ್ನು ತೆಗೆದು ಪಾಕವನ್ನು ಸೋಸುವರು. ಕೆಂಡದ ಮೇಲೆ ಪರಾತವನ್ನಿಟ್ಟು, ಎಳ್ಳನ್ನು ಹರಡಿ, ಪಾಕವನ್ನು ಚಮಚದಿಂದ ತುಸುತುಸುವೇ ಬಿಡುತ್ತ ಬೆರಳಿನ ತುದಿಯಿಂದ ಆಡಿಸುತ್ತ ಹೋದರೆ ಪ್ರತಿಯೊಂದು ಎಳ್ಳಿನ ಸುತ್ತಲೂ ಸಕ್ಕರೆಯ ಹರಳುಗಳು ಕೂಡಿ ಸಣ್ಣ ಸಣ್ಣ ಮೊನೆಗಳು ಏಳುತ್ತವೆ. ‘ಕುಸುರಿ ಕೆಲಸ’ ಎಂಬಲ್ಲಿ ನಾವು ಕಾಣುವ ನಾಜೂಕಿನ ಅರ್ಥವೇ ಇಲ್ಲಿಯೂ ಇದೆ. ಪಾಕವನ್ನು ಒಮ್ಮೆಗೇ ಹೆಚ್ಚು ಬಿಟ್ಟರೆ ಮೊನೆಗಳು ಕರಗಿ ಎಳ್ಳು ಮುದ್ದೆಯಾಗುತ್ತದೆ. ನನ್ನ ಎಳ್ಳು ಮೊದಲನೆಯ ದಿನ ಮುದ್ದೆಯಾಯಿತು. ಮೂರನೆಯ ದಿನಕ್ಕೆ ಮೊನೆಯು ಮೂಡಿತು. ಹೊಸ ಶಾಸ್ತ್ರವು ಸ್ಫಟಿಕೀಕರಣದ ನಿಯಂತ್ರಣವೆಂದು ಹೇಳುವ ವಿದ್ಯೆಯು ಇದೇ.

೫

ಇನ್ನು ಮುತ್ತಿನ ಪ್ರಯೋಗ. ಕಂದು ಕಡಲಪಾಚಿಯಿಂದ ದೊರೆಯುವ ಆಲ್ಜಿನೇಟನ್ನು ಇಂಗ್ಲೆಂಡಿನ ಸ್ಟ್ಯಾನ್‌ಫರ್ಡ್ ಎಂಬ ರಸಾಯನವಿಜ್ಞಾನಿಯು ಹತ್ತೊಂಬತ್ತನೆಯ ಶತಮಾನದ ಒಂಬತ್ತನೆಯ ದಶಕದ ಸುಮಾರಿಗೆ ಬೇರ್ಪಡಿಸಿದನು. ಆಲ್ಜಿನೇಟ್ ಬೆರೆತ ದ್ರವದ ಹನಿಯನ್ನು ಕ್ಯಾಲ್ಸಿಯಮ್ ಲವಣದ ನೀರಿನಲ್ಲಿ ಬಿಟ್ಟರೆ, ಕ್ಯಾಲ್ಸಿಯಮ್ ಎಂಬ ಸುಣ್ಣದ ಧಾತುವು ಆಲ್ಜಿನೇಟಿನ ನೀಳವಾದ ಅಣುಸರಗಳನ್ನು ಒಂದಕ್ಕೊಂದು ಬಿಗಿದು ಹನಿಯ ಸುತ್ತಲೂ ತೆಳುವಾದ ಪೊರೆಯನ್ನು ಕಟ್ಟುತ್ತದೆ. ಒಳಗಿನದು ದ್ರವವಾಗಿಯೇ ಉಳಿಯುತ್ತದೆ. ಈ ಬಗೆಯಿಂದ ಕೃತಕವಾದ ಚೆರಿಹಣ್ಣುಗಳನ್ನು ಮಾಡುವ ವಿಧಾನಕ್ಕೆ ಪೆಶಾರ್ಡ್ಟ್ ಎಂಬವನು ೧೯೪೬ರಲ್ಲಿಯೇ ಅಮೆರಿಕದ ಪೇಟೆಂಟನ್ನು ಪಡೆದಿದ್ದನು. ಎಲ್ ಬುಲಿಯವರು ಅದಕ್ಕೆ ಹೊಸ ಗೌರವವನ್ನು ತಂದರು.

ನಾನು ಕಾಲು ಲೀಟರು ಬೆಲ್ಲದ ಪಾನಕಕ್ಕೆ ೨ ಗ್ರಾಂ ಸೋಡಿಯಮ್ ಆಲ್ಜಿನೇಟನ್ನು ಬೆರೆಸಲು ಹೊರಟೆನು. ಪುಡಿಯು ಕರಗಲಿಲ್ಲ. ಎಷ್ಟು ಕಡೆದರೂ ಲೋಳೆಯ ಗಂಟುಗಳೇ ಆದವು. ಪುಡಿಯೇ ಕೆಟ್ಟದ್ದೆಂದು ತಿಳಿದು ಬರಿಯ ನೀರಿನಲ್ಲಿ ಕದಡಿ ನೋಡಿದೆನು. ಅಲ್ಲಿಯೂ ಗಂಟು. ಒಲೆಯ ಬಳಿಯಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದ ದೊಡ್ಡವ್ವನು, “ತಮ್ಮಾ, ಈ ಬೋರಿನ ನೀರಾಗ ಬ್ಯಾಳೀನ ಬೇಯೂದಿಲ್ಲ. ನಿನ್ನ ಪುಡಿ ಎಲ್ಲಿ ಕರಗೀತು?” ಎಂದಳು.

ಹಾಸ್ಯಕ್ಕಾಗಿ ಆಡಿದ ಆ ಮಾತಿನಲ್ಲಿ ಸಮಸ್ಯೆಯ ಪರಿಹಾರವೇ ಇದ್ದಿತು. ಬೇಳೆ ಬೇಯುವುದೆಂದರೆ ಅದರ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಸಡಿಲವಾಗುವುದು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಮ್ ಆ ಪೆಕ್ಟಿನ್ನಿನ ಸರಗಳನ್ನು ಬಿಗಿದು ಅದು ಸಡಿಲವಾಗದಂತೆ ಮಾಡುತ್ತದೆ. ಆಲ್ಜಿನೇಟಿನ ಸರಗಳನ್ನು ಬಿಗಿಯುವ ರೀತಿಯೂ ಇದಕ್ಕೆ ತೀರ ಹತ್ತಿರವಾದುದು. ಬೇಳೆಯು ಬೇಯದಿರುವುದೂ ಮುತ್ತು ಕಟ್ಟುವುದೂ ಒಂದೇ ವ್ಯಾಪಾರದ ಎರಡು ಮುಖಗಳು. ಬೇಳೆಗೆ ನಮ್ಮವರು ಚಿಟಿಕೆ ಸೋಡಾಪುಡಿಯನ್ನು ಹಾಕುವುದೂ, ಆಗ್ರಾದವರು ಪೇಠಾ ಮಾಡುವಾಗ ಬೂದುಗುಂಬಳದ ಹೋಳುಗಳನ್ನು ಬಿರುಸಾಗಲೆಂದು ಸುಣ್ಣದ ನೀರಿನಲ್ಲಿ ನೆನೆಯಿಸುವುದೂ ಈ ಒಂದೇ ಸಂಬಂಧವನ್ನು ಅವಲಂಬಿಸಿದ ಉಪಾಯಗಳು. ಮೊದಲನೆಯದು ಬಿಗಿತವನ್ನು ಕಳೆಯುವುದಕ್ಕೆ, ಎರಡನೆಯದು ಅದನ್ನು ತರುವುದಕ್ಕೆ. ನಮ್ಮಲ್ಲಿ ಕೊಳವೆಬಾವಿಯ ನೀರನ್ನು ‘ಬೇಳೆ ಬೇಯದ ನೀರು’ ಎನ್ನುವ ಮಾತು ಬೈಗುಳಲ್ಲ, ಲಕ್ಷಣವಾಕ್ಯ.

ಶುದ್ಧ ಕುಡಿಯುವ ನೀರಿನ ಘಟಕದಿಂದ ನೀರನ್ನು ತಂದು ಮತ್ತೆ ಪ್ರಯತ್ನಿಸಿದೆನು. ನೀರಿನಲ್ಲಿ ಪುಡಿಯು ಕರಗಿತು, ಬೆಲ್ಲದ ಪಾನಕವು ಆಗಲೂ ಮಂದವಾಯಿತು. ಬೆಲ್ಲದಲ್ಲಿಯೇ ಸುಣ್ಣದ ಅಂಶವಿರುತ್ತದೆ. ಕಬ್ಬಿನ ರಸವನ್ನು ತಿಳಿಗೊಳಿಸಲು ಆಲೆಮನೆಯಲ್ಲಿ ಸುಣ್ಣವನ್ನು ಹಾಕುವ ರೂಢಿಯೂ ಉಂಟು. ಸಕ್ಕರೆ ಮತ್ತು ಏಲಕ್ಕಿಯ ಪಾನಕವನ್ನು ತೆಗೆದುಕೊಂಡು, ೪೦೦ ಮಿಲಿಲೀಟರು ನೀರಿಗೆ ೪ ಗ್ರಾಂ ಕ್ಯಾಲ್ಸಿಯಮ್ ಕ್ಲೋರೈಡಿನ ದ್ರಾವಣದಲ್ಲಿ ಹನಿಹನಿಯಾಗಿ ಬಿಟ್ಟಾಗ ಮುತ್ತುಗಳು ಕಟ್ಟಿದವು. ಅವನ್ನು ಕೂಡಲೇ ತೆಗೆದು ಒಳ್ಳೆಯ ನೀರಿನಲ್ಲಿ ತೊಳೆಯಬೇಕು. ಇಲ್ಲದಿದ್ದರೆ ಲವಣದ ಕಹಿಯು ಉಳಿಯುವುದಲ್ಲದೆ ಮುತ್ತು ಒಳಗಿನವರೆಗೂ ಗಟ್ಟಿಯಾಗುತ್ತದೆ.

ಹಾಲಿನ ಪದಾರ್ಥಗಳಿಗೆ ಕ್ರಮವನ್ನು ತಿರುಗುಮುರುಗಾಗಿಸಬೇಕು. ಮೊಸರಿನಲ್ಲಿ ಹುಳಿಯು ಹಾಲಿನ ಕ್ಯಾಲ್ಸಿಯಮ್ಮನ್ನು ಬಿಡಿಸಿಟ್ಟಿರುತ್ತದೆ. ಆದುದರಿಂದ ಸಿಹಿಮಾಡಿದ ಗಟ್ಟಿ ಮೊಸರನ್ನು ಚಮಚದಿಂದ ಆಲ್ಜಿನೇಟಿನ ನೀರಿನಲ್ಲಿಯೇ ಇಳಿಯಬಿಟ್ಟರೆ ಅದರ ಸುತ್ತ ತಾನಾಗಿಯೇ ಪೊರೆಯು ಕಟ್ಟುತ್ತದೆ. ಕೇಸರಿಯ ಬಣ್ಣದ ಆ ದೊಡ್ಡ ಮುತ್ತುಗಳನ್ನು ಬಾಯಿಗಿಟ್ಟ ದೊಡ್ಡವ್ವನು, “ಚಂದ ಅದ. ಖರೆ, ಹಲ್ಲಿಗೆ ಕೆಲಸ ಇಲ್ಲ” ಎಂದಳು. ಕರದಂಟನ್ನು ತಿಂದು ಬೆಳೆದವರ ಈ ವಿಮರ್ಶೆಯನ್ನು ನಾನು ಒಪ್ಪಿಕೊಂಡೆನು.

ಮನೆಯಲ್ಲಿ ಮಾಡಬಯಸುವವರು ಆಹಾರಕ್ಕೆ ಯೋಗ್ಯವೆಂದು ಗುರುತಿಸಿದ ಸಾಮಗ್ರಿಗಳನ್ನು ಮಾತ್ರ ಬಳಸಬೇಕು. ಶೂನ್ಯಕ್ಕಿಂತ ೧೯೬ ಡಿಗ್ರಿ ಕೆಳಗಿರುವ ದ್ರವರೂಪದ ಸಾರಜನಕದ ಗೋಜಿಗೆ ಹೋಗಬಾರದು. ಅದು ಚರ್ಮವನ್ನೂ ಕರುಳನ್ನೂ ಸುಡುವಂಥದು.

೬

ಇಷ್ಟರಿಂದ ನಮ್ಮ ಪೂರ್ವಿಕರಿಗೆ ಅಣುಸೂಪಶಾಸ್ತ್ರವು ತಿಳಿದಿತ್ತೆಂದು ಹೇಳಿದರೆ ಅದು ಸತ್ಯಕ್ಕೆ ದೂರವಾಗುತ್ತದೆ. ‘ಮಾನಸೋಲ್ಲಾಸ’ದಲ್ಲಿ ಹಾಲನ್ನು ಹುಳಿಯಿಂದ ಒಡೆಯಿಸಿ, ಗಟ್ಟಿಯಾದ ಭಾಗಕ್ಕೆ ಅಕ್ಕಿಯ ಹಿಟ್ಟನ್ನು ಬೆರೆಸಿ, ಕರಿದು ಸಕ್ಕರೆಪಾಕದಲ್ಲಿ ಹಾಕುವ ಕ್ಷೀರಪ್ರಕಾರವೆಂಬ ಭಕ್ಷ್ಯದ ವಿಧಾನವಿದೆ. ಹಾಲು ಏಕೆ ಒಡೆಯುತ್ತದೆಂಬ ಪ್ರಶ್ನೆಗೆ ಉತ್ತರವು ಬಂದುದು ಬಹಳ ಈಚೆಗೆ, ಬೇರೆ ಸಾಧನಗಳಿಂದ. ಬೇಳೆ ಬೇಯದ ನೀರೆಂದು ಹೇಳಿದವರಿಗೆ ಪೆಕ್ಟಿನ್ ತಿಳಿದಿರಲಿಲ್ಲ. ಆದರೆ ಪೆಕ್ಟಿನ್ ತಿಳಿದಿದ್ದ ನನಗೆ ನೀರು ತಿಳಿದಿರಲಿಲ್ಲ. ಕಾರಣವನ್ನು ಬಲ್ಲ ಶಾಸ್ತ್ರವೂ ಸ್ಥಿತಿಯನ್ನು ಗುರುತಿಸಬಲ್ಲ ಕೈಯೂ ಬೇರೆ ಬೇರೆ. ಒಂದನ್ನು ಇನ್ನೊಂದೆಂದು ಹೊಗಳಿದರೆ ಎರಡಕ್ಕೂ ಅವಮಾನವಾಗುತ್ತದೆ.

ಕೈಯು ಗುರುತಿಸುವ ಈ ಸ್ಥಿತಿಗೆ ಕನ್ನಡದಲ್ಲಿ ‘ಹದ’ವೆಂಬ ಅಚ್ಚ ಮಾತುಂಟು. ಮಣ್ಣಿಗೂ ಚರ್ಮಕ್ಕೂ ಪಾಕಕ್ಕೂ ಇದೇ ಮಾತು ಸಲ್ಲುತ್ತದೆ. ಸಾಹಿತ್ಯದ ಉಪಾಧ್ಯಾಯರಿಗೆ ಇದರಿಂದ ಒಂದು ಪ್ರಯೋಜನವಿದೆ. ಅಲಂಕಾರಶಾಸ್ತ್ರದಲ್ಲಿ ದ್ರಾಕ್ಷಾಪಾಕ, ನಾರಿಕೇಳಪಾಕಗಳನ್ನು ನಾವು ಪಾಠ ಹೇಳುತ್ತೇವೆ. ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಒಂಬತ್ತು ಪಾಕಗಳನ್ನು ಎಣಿಸಿ, ಮೊದಲೂ ಕೊನೆಯೂ ರುಚಿಸದ ಕಾವ್ಯಕ್ಕೆ ಪಿಚುಮಂದಪಾಕ, ಎಂದರೆ ಬೇವಿನ ಪಾಕ, ಎಂದು ಹೆಸರಿಟ್ಟನು. ಅಲ್ಲಿಯ ಪಾಕವು ಕಾಯಿ ಹಣ್ಣುಗಳ ಪಕ್ವತೆ, ಒಲೆಯ ಮೇಲಿನ ಪಾಕವಲ್ಲ. ಸಕ್ಕರೆಯ ಪಾಕವನ್ನು ಮಾತ್ರ ಬಲ್ಲ ವಿದ್ಯಾರ್ಥಿಯು ದ್ರಾಕ್ಷಾಪಾಕವೆಂದರೆ ದ್ರಾಕ್ಷಿಯ ರಸಾಯನವೆಂದು ತಿಳಿದರೆ ಆಶ್ಚರ್ಯವಿಲ್ಲ. ಎರಡಕ್ಕೂ ಸಾಮಾನ್ಯವಾದುದು ಹದ: ಒಂದು ಕ್ಷಣ ಮುಂಚೆಯೂ ಅಲ್ಲದ, ಒಂದು ಕ್ಷಣ ತಡವೂ ಆಗದ ಸ್ಥಿತಿ. ಆ ಕ್ಷಣವನ್ನು ಪಾಕದ ಎಳೆಯಲ್ಲಿ ಒಮ್ಮೆ ಕಣ್ಣಾರೆ ಕಂಡವನಿಗೆ ಕಾವ್ಯದ ಪಾಕವನ್ನು ವಿವರಿಸುವುದು ಸುಲಭ.

೧೮೯೪ರಲ್ಲಿ ಕಿಟ್ಟೆಲರ ನಿಘಂಟು ಪ್ರಕಟವಾದಂದಿನಿಂದ ಕನ್ನಡದ ಕೋಶಕಾರ್ಯವು ಬಹುದೂರ ಸಾಗಿದೆ. ಗ್ರಂಥಗಳಲ್ಲಿ ಸೇರಿದ ಮಾತುಗಳು ಸುರಕ್ಷಿತವಾಗಿವೆ. ಬೆರಳ ತುದಿಯಲ್ಲಿರುವ ಮಾತುಗಳು ಹಾಗಿಲ್ಲ. ಕುಸುರೆಳ್ಳನ್ನು ಈಗ ಅಂಗಡಿಯಿಂದ ತರುವ ಮನೆಗಳೇ ಹೆಚ್ಚು. ಆಣದ ಎಳೆಯನ್ನು ನೋಡುವ ಬೆರಳುಗಳು ಇಲ್ಲದಾದ ಮೇಲೆ ‘ಒಂದೆಳೆ’ ಎಂಬುದು ಕೋಶದಲ್ಲಿ ಉಳಿದರೂ ಅರ್ಥವು ಉಳಿಯದು. ಆಗ ಮಂಗರಸನ ಗ್ರಂಥವನ್ನು ಸಂಪಾದಿಸುವವರಿಗೆ ಪಾಠಾಂತರಗಳಲ್ಲಿ ಯಾವುದು ಸರಿಯೆಂದು ಹೇಳುವ ಸಾಕ್ಷಿಯೊಂದು ಇಲ್ಲದಂತಾಗುವುದು. ಆದುದರಿಂದ ಊರೂರಿನ ಉಪಾಧ್ಯಾಯರು ತಂತಮ್ಮ ಮನೆಗಳಲ್ಲಿ ಬಳಕೆಯಲ್ಲಿರುವ ಹದದ ಮಾತುಗಳನ್ನು, ಅವುಗಳ ಅರ್ಥದೊಡನೆ ಮಾತ್ರವಲ್ಲದೆ ಅವುಗಳನ್ನು ಗುರುತಿಸುವ ಪರೀಕ್ಷೆಯೊಡನೆ ಬರೆದಿಡುವುದು ಉಚಿತವೆಂದು ಸೂಚಿಸುತ್ತೇನೆ. ಬರೆದುಕೊಳ್ಳುವ ಮುನ್ನ ಆ ಪರೀಕ್ಷೆಯನ್ನು ತಾವೇ ಒಮ್ಮೆ ಮಾಡಿ ನೋಡಬೇಕು. ಎಂಥ ನೀರಿನಲ್ಲಿ ಮಾಡಿದೆವೆಂಬುದನ್ನೂ ಮರೆಯದೆ ಗುರುತುಹಾಕಬೇಕು.